ಪಂಕ್ತಿಭೇದವಿಲ್ಲದ ಗುಳಿಗೆ

ಹೋದ ತಿಂಗಳು ಬೆಟಗೇರಿಯ ನಮ್ಮ ಮನೆಗೆ ಸರಕಾರಿ ದವಾಖಾನೆಯ ನರ್ಸಬಾಯಿ ಬಂದಳು. ಚಳಿಜ್ವರದಿಂದ ಮಲಗಿದ್ದ ನನ್ನ ಸೊಸೆಗೆ ಒಂದು ಗುಳಿಗೆ ಬಿಡಿಸಿ ತನ್ನ ಎದುರಿಗೇ ನುಂಗಿಸಿದಳು. ನೀರು ಸಾಲದೆ ಗುಳಿಗೆ ನಾಲಿಗೆಯ ಮೇಲೆ ಕರಗಿ ಸೊಸೆ ಮುಖ ಕಿವುಚಿದಳು. ನೋಡುತ್ತ ನಿಂತಿದ್ದ ನನ್ನ ಬಾಯಿಯೂ ಕಹಿಯಾಯಿತು. "ಊಟಾ ಆದಮ್ಯಾಲೆ ತಗೋರಿ. ಜ್ವರಾ ಬಿಟ್ಟರೂ ಗುಳಿಗಿ ಬಿಡಬ್ಯಾಡ್ರಿ. ಮನ್ಯಾಗ ಬ್ಯಾರೇದವರಿಗೆ ಹಂಚಬ್ಯಾಡ್ರಿ" ಎಂದು ಹೇಳಿ ಆಕೆ ಹೋದಳು. ಹಂಚಬ್ಯಾಡ್ರಿ... ಆ ಒಂದು ಮಾತಿಗೆ ನನ್ನ ಸೋದರತ್ತೆ ಬಂದು ಎದುರಿಗೆ ನಿಂತಳು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನಂತೂ ಆಡುವವಳೇ.

ಅವಳು ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಲಕ್ಷ್ಮೇಶ್ವರದ ನಮ್ಮ ಮನೆಗೆ ಬಂದಳಂತೆ, ಬಂದ ವಾರದಲ್ಲೇ ಅಡಿಗೆಮನೆಯ ಕೀಲಿಕೈ ಅವಳ ಸೊಂಟ ಸೇರಿತಂತೆ. ಅಪ್ಪ ಕನ್ನಡ ಶಾಲೆಯ ಮಾಸ್ತರ. ಶಾಲೆಯಲ್ಲಿ ಹುಲಿ, ಅಕ್ಕನ ಮುಂದೆ ಇಲಿ. ಊಟಕ್ಕೆ ಕೂತಾಗಲೆಲ್ಲ "ಪಂಗ್ತ್ಯಾಗ ಭೇದ ಮಾಡಬಾರ್ದು, ಪಾಪ ಹತ್ತತೈತಿ" ಎಂಬುದು ಅತ್ತೆಯ ಬಾಯಿಪಾಠ. ಹಾಗೆ ಹೇಳುತ್ತಲೇ ತನ್ನ ಮಕ್ಕಳ ಅನ್ನಕ್ಕೆ ತುಪ್ಪ ಸುರಿಯುವಳು, ಅಪ್ಪನಿಗೆ ಒಂದು ಚಮಚ ಹಾಕುವಳು, ನನಗೂ ನನ್ನ ಅಕ್ಕನಿಗೂ ಚಮಚದ ಬೆನ್ನು ಒರೆಸುವಳು. ಎಲ್ಲರದೂ ಆದ ಮೇಲೆ ಅವ್ವ ಬರಿದಾದ ತುಪ್ಪದ ಪಾತ್ರೆಗೇ ಅನ್ನ ಹಾಕಿ ಕಲಸಿಕೊಳ್ಳುತ್ತಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಯಾರೋ ನಮ್ಮ ಅತ್ತೆಯನ್ನು ನೋಡಿಯೇ ಕಟ್ಟಿದ್ದಿರಬೇಕು.

ಸಂಸ್ಥಾನ ಹೋಗಿ ನಾವು ಮುಂಬಯಿ ಸರಕಾರದವರಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ, ನನಗೆ ಆಗ ಒಂಬತ್ತು ವರ್ಷ. ಆ ಮಳೆಗಾಲದ ಕೊನೆಗೆ ಊರ ತುಂಬ ಪಾಳಿಜ್ವರ. ಒಂದು ದಿನ ಬಿಟ್ಟು ಒಂದು ದಿನ ಚಳಿ ಹತ್ತುವುದು, ಎಷ್ಟು ಕೌದಿ ಹೊಚ್ಚಿದರೂ ನಡುಕ ನಿಲ್ಲದು, ಆಮೇಲೆ ಮೈಯೆಲ್ಲ ಬೆವತು ಜ್ವರ ಇಳಿಯುವುದು. ಮಕ್ಕಳಾದ ನಮಗೆಲ್ಲ ಒಂದು ಸುತ್ತು ಬಂದು ಹೋಗಿತ್ತು. ಕಡೆಗೆ ಅವ್ವನಿಗೆ ಬಂತು. ಅವಳು ಮೂರು ಪಾಳಿ ತಡೆದುಕೊಂಡು ರೊಟ್ಟಿ ಬಡಿದಳು. ನಾಲ್ಕನೆಯದಕ್ಕೆ ಒಲೆಯ ಮುಂದೆಯೇ ಬಿದ್ದಳು. ಆಗ ಅಪ್ಪನಿಗೆ ಎಲ್ಲಿಂದಲೋ ಧೈರ್ಯ ಬಂದು ಡಾಕ್ಟರರನ್ನು ಕರೆತಂದ.

ಡಾಕ್ಟರರು ಒಂದು ಪೊಟ್ಟಣದ ತುಂಬ ಹಳದಿ ಗುಳಿಗೆ ಕೊಟ್ಟರು. ಅದರ ಹೆಸರು ಮೆಪಾಕ್ರಿನ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ದಿನಕ್ಕೆ ಮೂರು ಹೊತ್ತು, ಹೊಟ್ಟೆ ತುಂಬ ಉಂಡು, ಬಹಳ ನೀರಿನ ಜೊತೆ, ಏಳು ದಿನ ಬಿಡದೆ ನುಂಗಬೇಕು ಅಂದರು. ನುಂಗಿದ ಕೂಡಲೇ ವಾಂತಿಯಾದರೆ ತಮಗೆ ಹೇಳಿ ಕಳಿಸಬೇಕು. ಮೈ ಹಳದಿಯಾಗುತ್ತದೆ, ಅದು ಗುಳಿಗೆಯ ಬಣ್ಣ, ಕಾಮಾಲೆ ಅಂತ ಹೆದರಿ ನಿಲ್ಲಿಸಬೇಡಿರಿ ಎಂದು ಎರಡು ಸಲ ಹೇಳಿದರು. ಅತ್ತೆ ಬಾಗಿಲಿಗೆ ಆತು ನಿಂತು ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸಿದಳು. ಅವರು ಓಣಿ ದಾಟುವುದರೊಳಗೆ ಪೊಟ್ಟಣ ಅವಳ ಕಪಾಟು ಸೇರಿತು.

ಮರುದಿನ ಅವ್ವನಿಗೆ ಜ್ವರದ ಪಾಳಿ ಇರಲಿಲ್ಲ. ಜ್ವರ ಇಲ್ಲದ ದಿನ ಔಷಧ ಯಾಕೆ ದಂಡ ಮಾಡಬೇಕು ಎಂಬುದು ಅತ್ತೆಯ ನ್ಯಾಯ. ಅವ್ವನಿಗೆ ಪಾಳಿಯ ದಿನ ಮಾತ್ರ ಒಂದು ಗುಳಿಗೆ ಅಂತಾಯಿತು. ಉಳಿದದ್ದು? ಜ್ವರ ಎಲ್ಲ ಮಕ್ಕಳಿಗೂ ಬಂದಿತ್ತಲ್ಲ, ಹಾಗಾದರೆ ಗುಳಿಗೆ ಎಲ್ಲರಿಗೂ ಬೇಕು. ದಿನಾ ಮುಂಜಾನೆ ನಾಲ್ಕೂ ಮಕ್ಕಳನ್ನು ಸಾಲಾಗಿ ಕೂಡಿಸಿ, ಅಡಕೊತ್ತಿನಿಂದ ಗುಳಿಗೆ ಕತ್ತರಿಸಿ, ಪ್ರಸಾದ ಕೊಟ್ಟಂತೆ ಅಂಗೈಗೆ ಹಾಕುತ್ತಿದ್ದಳು. ತುಪ್ಪದಲ್ಲಿ ಎಂದೂ ಕಾಣದ ಸಮಪಾಲು ಗುಳಿಗೆಯಲ್ಲಿ ಕಂಡೆವು. ಅವ್ವ ಹಾಸಿಗೆಯಿಂದ ನೋಡುತ್ತಿದ್ದಳು. ಗುಳಿಗೆ ತನಗೆ ಕೊಟ್ಟದ್ದು ಎಂದು ಅವಳು ಒಂದು ಮಾತೂ ಆಡಲಿಲ್ಲ. ನಾನು ಕಹಿಗೆ ಅಳತೊಡಗಿದಾಗ ಮಾತ್ರ, "ಆಕಿಗೆ ಒಂದೀಟು ಬೆಲ್ಲಾ ಕೊಡ್ರಿ, ಅಕ್ಕಾರ" ಅಂದಳು. ಅತ್ತೆ ಕೊಟ್ಟಳು. ನಾನು ಗುಳಿಗೆಗೆ ಬೆಲ್ಲ ಹಚ್ಚಿಕೊಂಡು ತಿಂದೆ. ಮರುದಿನವೂ ತಿಂದೆ...

ಮಜಾ ನೋಡಿ, ಅವ್ವನ ಜ್ವರ ಇಳಿಯಿತು. ಅವಳು ಎದ್ದು ಒಲೆಯ ಮುಂದೆ ಕೂತಳು. ಅಷ್ಟೊಂದು ಗುಳಿಗೆ ಒಬ್ಬಳಿಗೇ ಬೇಕಾಗಿರಲಿಲ್ಲ ಅಂತ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಹತ್ತು ದಿನವೂ ಆಗಲಿಲ್ಲ, ಜ್ವರ ತಿರುಗಿ ಬಂತು. ಈ ಸಲ ಪಾಳಿ ಗೀಳಿ ನೋಡಲಿಲ್ಲ, ಇಳಿಯಲೂ ಇಲ್ಲ. ಅವ್ವ ನಮ್ಮ ಹೆಸರು ಮರೆತು ಏನೇನೋ ಮಾತಾಡತೊಡಗಿದಳು.

ಡಾಕ್ಟರರು ಬಂದು ಅವಳ ಅಂಗೈ ತಿರುಗಿಸಿ ನೋಡಿದರು. ಕಣ್ಣ ರೆಪ್ಪೆ ಎಳೆದು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನಮ್ಮನ್ನು ನೋಡಿ, ನನ್ನ ಕೈ ಹಿಡಿದು ಬೆಳಕಿಗೆ ಎಳೆದರು.

"ಬ್ಯಾನಿ ಬಿದ್ದಾಕಿ ಬೆಳ್ಳಗದಾಳ, ಮಕ್ಕಳು ಹಳದಿ ಆಗ್ಯಾವ. ಗುಳಿಗಿ ಯಾರು ತಿಂದ್ರು?"

ಅತ್ತೆ ಅಳುಕಲಿಲ್ಲ. "ಎಲ್ಲಾರಿಗೂ ಸಮಾ ಕೊಟ್ಟೀನ್ರಿ. ನನ್ನ ಕೈಯಾಗ ಭೇದ ಇಲ್ಲ."

"ಪಾಳಿ ಇಲ್ಲದ ದಿನಾನೂ ಹುಳ ರಕ್ತದಾಗ ಇರ್ತಾವ, ಬಾಯಾರ. ಗುಳಿಗಿ ಏಳೂ ದಿನ ರಕ್ತದಾಗ ಇದ್ರ ಸಾಯ್ತಾವ. ನೀವು ಹೊಲದಾಗಿನ ಕರಿಕಿ ಹುಲ್ಲು ಮ್ಯಾಲಿಂದ ಮ್ಯಾಲೆ ಕೊಯ್ದು ಬೇರು ಬಿಟ್ಟೀರಿ."

ಜ್ವರವೇ ಇಲ್ಲದ ಮಕ್ಕಳಿಗೆ, ತೂಕ ನೋಡದೆ, ಖಾಲಿ ಹೊಟ್ಟೆಗೆ ಆ ಗುಳಿಗೆ ಹಾಕಿದ್ದಕ್ಕೂ ಬೈದರು. ಅದು ಹೆಚ್ಚಾದರೆ ತಲೆ ಕೆಡಿಸುವ ಔಷಧವಂತೆ. ಅಪ್ಪ ನೆಲ ನೋಡುತ್ತ ನಿಂತಿದ್ದ. ಡಾಕ್ಟರರು ಸೂಜಿ ಚುಚ್ಚಿದರು, ಗದಗಿನ ದವಾಖಾನೆಗೆ ಒಯ್ಯಲು ಹೇಳಿದರು. ಚಕ್ಕಡಿ ಹೂಡಿ ಅವ್ವನನ್ನು ಮಲಗಿಸಿಕೊಂಡು ಹೋದರು. ಸಂಜೆಯ ಹೊತ್ತಿಗೆ ಅದೇ ಚಕ್ಕಡಿ ಅರ್ಧ ದಾರಿಯಿಂದ ತಿರುಗಿ ಬಂತು.

ಅತ್ತೆ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅತ್ತಳು. ಆ ಅಳು ನನಗೆ ಇವತ್ತಿಗೂ ಹೇಸಿಗೆ ತರಿಸುತ್ತದೆ.

ಆಮೇಲೆ ನಾನು ಅವಳ ಜೊತೆ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದೆ. ಕನ್ನಡ ನಾಡು ಒಂದಾದ ದಿನ ಅಪ್ಪ ಶಾಲೆಯಿಂದ ಪೇಢೆ ತಂದ. ಅತ್ತೆ ಅದನ್ನು ಚೂರು ಮಾಡಿ ಎಲ್ಲರ ಕೈಗೂ ಹಾಕುತ್ತ ಬಂದಳು. ನನ್ನ ಕೈಗೆ ಹಾಕಿದಾಗ ಎಷ್ಟೋ ವರ್ಷದಿಂದ ತಡೆದಿಟ್ಟ ಮಾತು ಹೊರಗೆ ಬಿತ್ತು. ಅವ್ವನ ಗುಳಿಗೆಯನ್ನೂ ಹೀಗೇ ಹಂಚಿ ನೀನು ಅವಳನ್ನು ಕೊಂದೆ ಅಂದೆ. ಅಪ್ಪ ಎದ್ದು ಹೊರಗೆ ಹೋದ. ಅತ್ತೆ ನನ್ನನ್ನೇ ನೋಡಿದಳು. ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ.

"ಖರೆ. ನಾ ಹಂಚಿದೆ," ಅಂದಳು. "ನೀ ಬೆಲ್ಲಾ ಹಚ್ಚಿಕೊಂಡು ತಿಂದಿ."

ಒಂಬತ್ತು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ನೀವು ಕೇಳಬಹುದು. ನಾನೂ ನನಗೆ ಹಾಗೇ ಹೇಳಿಕೊಳ್ಳುತ್ತ ಬಂದಿದ್ದೇನೆ.

ಸೊಸೆ ಗುಳಿಗೆ ಪೂರ್ತಿ ಮುಗಿಸಿದ್ದಾಳೆ, ಓಡಾಡಿಕೊಂಡಿದ್ದಾಳೆ. ಅವ್ವ ಹೋದಾಗ ಅವ್ವನಿಗೆ ಇವಳಿಗಿಂತ ಕಡಿಮೆ ವಯಸ್ಸು. ಅತ್ತೆ ಸತ್ತು ಎಷ್ಟೋ ವರ್ಷವಾಯಿತು, ಇನ್ನಾದರೂ ಆ ಸಿಟ್ಟು ಬಿಡು ಎಂದು ಮನೆಯವರು ಹೇಳುತ್ತಾರೆ. ಅವಳನ್ನು ಬಿಟ್ಟರೆ ಆ ಸಿಟ್ಟು ಯಾರ ಕಡೆ ತಿರುಗುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಬಿಟ್ಟಿಲ್ಲ.