ಬರಹದೊಳಗಿನ ಹೆಣ್ಣುಮಗಳು

ಅಂತರರಾಷ್ಟ್ರೀಯ ನೆರವು ಸಂಸ್ಥೆಯೊಂದರ ಸಂವಹನ ವಿಭಾಗ ಸೇರಿದಾಗ ನನಗೆ ಸಿಕ್ಕ ಮೊದಲ ಕೆಲಸ, ರಬಕವಿಯಲ್ಲಿ ಸೀರೆ ನೇಯುವ ಅಕ್ಕನೊಬ್ಬರ ಬಗ್ಗೆ ಬರೆಯುವುದು. ಕಷ್ಟಗಳ ಬಗ್ಗೆ ಎಷ್ಟು ಕೇಳಿದರೂ ಆಕೆ ಮಗ್ಗ ನಿಲ್ಲಿಸದೆ, "ಅದರಾಗ ಏನೈತ್ರಿ?" ಎಂದು ನಗುತ್ತಿದ್ದರು. ಮೇಲಧಿಕಾರಿಗೆ ದಾನಿಗಳ ಮನ ಕರಗಿಸುವ ಕಣ್ಣೀರು ಬೇಕಿತ್ತು. ಸೋರುವ ಸೂರು, ಉರಿಯದ ಒಲೆ ಎಲ್ಲವನ್ನೂ ನಾನೇ ಧಾರಾಳವಾಗಿ ಸೇರಿಸಿದೆ.

ಹೆಸರು ಬದಲಿಸಿದ್ದ ಆ ಬರಹವನ್ನು ಒಪ್ಪಿಗೆಗಾಗಿ ಮರುದಿನ ಅವರಿಗೇ ಓದಿ ಹೇಳಿದೆ. ಮಗ್ಗ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದವರು ಹೊಸ ಸೀರೆಯೊಂದನ್ನು ತಂದು ನನ್ನ ಕೈಗಿಟ್ಟರು.

"ಆಕಿಗೆ ಇದನ್ನ ಕೊಟ್ಟಬಿಡ್ರಿ ತಮ್ಮಾ. ಪಾಪ, ಯಾವ ಊರಾಕಿ?"

"ಅದು ನೀವೇ ಅಕ್ಕಾರ," ಎಂದೆ.

ಆಕೆ ನನ್ನನ್ನೇ ದಿಟ್ಟಿಸಿ ನೋಡಿ, ಸೀರೆಯನ್ನು ವಾಪಸ್ ತೆಗೆದುಕೊಂಡರು.

"ಹಂಗಾರ ಕುಂಡ್ರಿ. ಖರೇದ್ದು ಹೇಳ್ತೀನಿ, ಬರಕೋರಿ. ಪಾಪ, ನಿಮ್ಮ ನೌಕರೀನೂ ಉಳೀಬೇಕಲ್ಲ."