ನಂಬರ್ ಓದಿಸಿಕೊಳ್ಳುತ್ತಿದ್ದ ಮಲ್ಲೇಶ

ಕಂಪ್ಯೂಟರ್ ಮುಂದೆ ಕೂತು ಕಣ್ಣು ಮುಚ್ಚಿಕೊಳ್ಳುವವನನ್ನು ನಾನು ಕಂಡದ್ದು ಒಬ್ಬನನ್ನೇ. ಮಡಿಕೇರಿಯ ನಮ್ಮ ಆಸ್ಪತ್ರೆಯ ಸರ್ವರ್ ರೂಮಿನಲ್ಲಿ ಮಲ್ಲೇಶ ಕುರ್ಚಿಯ ತುದಿಗೆ ಕೂತು, ಕಣ್ಣು ಮುಚ್ಚಿ, "ಓದಿ ಅಕ್ಕಾ" ಎನ್ನುತ್ತಿದ್ದ. ಯಾವುದೇ ಡಿಸ್ಕು ಜೋಡಿಸುವ ಮೊದಲು ಅಕ್ಷರ, ಅಂಕಿ ಬೆರೆತ ಅದರ ಮಾರುದ್ದದ ನಂಬರನ್ನು ಇನ್ನೊಬ್ಬರ ಬಾಯಲ್ಲಿ ಕೇಳಲೇಬೇಕು ಅವನಿಗೆ. ನಾನು ರೆಕಾರ್ಡ್ಸ್ ಇನ್‌ಚಾರ್ಜ್, ಅವನು ನನ್ನ ಕೈಕೆಳಗೆ. ನಾನು ಓದುತ್ತಿದ್ದುದು ಕಾನ್ವೆಂಟ್ ಕಲಿಸಿದ ರೀತಿಯಲ್ಲಿ: "ಬಿ ಫಾರ್ ಬೆನೆಡಿಕ್ಟ್, ಡಿ ಫಾರ್ ಡಾಮಿನಿಕ್."

"ನಿಮ್ ಸಂತರೆಲ್ಲ ಬಂದು ನಮ್ ಡಿಸ್ಕಲ್ಲೇ ಕೂತವ್ರಲ್ಲಕ್ಕಾ!" ಎಂದು ನಗುತ್ತಿದ್ದ.

ಕೊಡ್ಲಿಪೇಟೆಯವನು. ಅಪ್ಪ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ನನಗೆ ಕಂಪ್ಯೂಟರ್ ಪಾಠ ಹೇಳಿದ್ದೂ ಎಸ್ಟೇಟಿನ ಭಾಷೆಯಲ್ಲೇ. ಮೂಲೆಯ ಪೆಟ್ಟಿಗೆಯ ತುಂಬ ಡಿಸ್ಕುಗಳು, ಅದು ಸ್ಟೋರೇಜ್. ಅದರ ಒಂದೊಂದು ಪಾಲು ಒಂದೊಂದು ವಾಲ್ಯೂಮ್. ವರ್ಚುವಲ್ ಮಷೀನ್ ಎಂದರೆ ಮೈಯಿಲ್ಲದ ಕಂಪ್ಯೂಟರ್. ಒಂದೇ ಸರ್ವರಿನೊಳಗೆ ಅಂಥವು ಹತ್ತಾರು. "ಎಸ್ಟೇಟ್ ಕೂಲಿಯೋರ ಲೈನ್ ಮನೆ ಇದ್ದಂಗೆ ಅಕ್ಕಾ. ಪ್ರತಿ ಮನೇಲೂ ಏಜೆಂಟ್ ಅಂತ ಒಂದ್ ಸಣ್ಣ ಪ್ರೋಗ್ರಾಮು. 'ನಾವ್ ಬದುಕಿದೀವಿ, ಈ ವಾಲ್ಯೂಮ್ ನಮ್ದು' ಅಂತ ಆಫೀಸಿಗೆ ಹೇಳ್ತಾ ಇರ್ತದೆ. ನಮ್ಮಪ್ಪನ ಕೆಲ್ಸವೇ."

ಒಂದು ವಾಲ್ಯೂಮನ್ನು ಎರಡು ಮಷೀನಿಗೆ ಕೊಟ್ಟರೆ ಒಂದರ ಮೇಲೊಂದು ಬರೆದು ಎಲ್ಲ ಹಾಳು. ಹಾಗಾಗಿ ಏಜೆಂಟ್ ಸುಮ್ಮನಾದ ಮಾತ್ರಕ್ಕೆ ಅವನು ನಂಬುತ್ತಿರಲಿಲ್ಲ. ಸರ್ವರಿನೊಳಗೆ ಹೋಗಿ, ಆ ಮಷೀನ್ ನಿಜಕ್ಕೂ ನಿಂತಿದೆಯೇ ಎಂದು ನೋಡಿದ ಮೇಲೇ ಮುಂದಿನ ಕೆಲಸ. "ರೈಟರ್ ಬರ್ಲಿಲ್ಲ ಅಂತ ಲೈನಲ್ಲಿ ಜನವೇ ಇಲ್ಲ ಅನ್ನಕ್ಕಾಯ್ತದಾ?"

ಒಂದು ಸೋಮವಾರ ಬೆಳಿಗ್ಗೆ ಸ್ಕ್ಯಾನ್ ಚಿತ್ರಗಳ ಮಷೀನಿನ ಏಜೆಂಟ್ ಮಾತು ನಿಲ್ಲಿಸಿತು. ಚಿತ್ರಗಳು ತೆರೆಯಲಿಲ್ಲ. ಆಪರೇಷನ್ ಥಿಯೇಟರಿನಿಂದ ಫೋನಿನ ಮೇಲೆ ಫೋನು. "ಅರ್ಧ ಗಂಟೆ ಕೊಡಿ ಅಕ್ಕಾ, ಒಳಗೆ ನೋಡ್ಬಿಡ್ತೀನಿ" ಎಂದ.

ನಾನು ಸಿಡುಕಿದೆ. "ಫಾರ್ ಹೆವನ್ಸ್ ಸೇಕ್ ಮಲ್ಲೇಶ, ಅದು ಸತ್ತಿದೆ, ಕಾಣಲ್ವಾ? ವಾಲ್ಯೂಮನ್ನ ಹೊಸ ಮಷೀನಿಗೆ ಜೋಡಿಸು. ದಿಸ್ ಈಸ್ ಆ್ಯನ್ ಆರ್ಡರ್."

ನನ್ನ ಮುಖ ನೋಡಿದ. ಜೋಡಿಸಿದ.

ಸತ್ತದ್ದು ನೆಟ್‌ವರ್ಕ್ ಮಾತ್ರ. ಹಳೆಯ ಮಷೀನ್ ಒಳಗೊಳಗೇ ಅದೇ ವಾಲ್ಯೂಮಿಗೆ ಬರೆಯುತ್ತಲೇ ಇತ್ತು. ಮಧ್ಯಾಹ್ನದೊಳಗೆ ಆ ವಾಲ್ಯೂಮಿನಲ್ಲಿ ಓದಲು ಬರುವಂಥದು ಏನೂ ಉಳಿಯಲಿಲ್ಲ. ಬ್ಯಾಕಪ್‌ನಲ್ಲಿದ್ದವು ತೀರ ಹಳೆಯವು. ಕುಟ್ಟದಿಂದ ಹೆಂಗಸೊಬ್ಬಳು ಬಂದಳು. ಎದೆಯ ಗಂಟು ಬೆಳೆದಿದೆಯೇ ಎಂದು ಹೋಲಿಸಲು ಡಾಕ್ಟರಿಗೆ ಅವಳ ಹಿಂದಿನ ಚಿತ್ರ ಬೇಕಿತ್ತು. "ಇಲ್ಲ ಕಣಮ್ಮ" ಎಂದು ಅವಳಿಗೆ ಹೇಳಿದವನೂ ಮಲ್ಲೇಶನೇ. ನಾನು ನನ್ನ ರೂಮಿನ ಬಾಗಿಲು ಹಾಕಿಕೊಂಡಿದ್ದೆ.

ವಿಚಾರಣೆಯಲ್ಲಿ, ಯಾರು ಹೇಳಿ ಮಾಡಿಸಿದ್ದು ಎಂದು ಕೇಳಿದರು. ನನ್ನ ರಿಟೈರ್‌ಮೆಂಟಿಗೆ ನಾಲ್ಕು ತಿಂಗಳಿತ್ತು. ಟೇಬಲ್ ನೋಡುತ್ತ ಕೂತೆ. ಮಲ್ಲೇಶನೇ, "ಜೋಡ್ಸಿದ್ ಕೈ ನಂದೇ ಸಾರ್" ಎಂದ. ಅವನ ಕೆಲಸ ಹೋಯಿತು. ನನಗೆ ಶಾಲು ಹೊದಿಸಿ ಬೀಳ್ಕೊಟ್ಟರು.

ಎರಡು ವರ್ಷದ ಮೇಲೆ ಕೊಡ್ಲಿಪೇಟೆಗೆ ಹೋದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಕಿಡ್ನಿ ಕೆಟ್ಟು ಕಾಲು ಬಾತಿತ್ತು. ಮ್ಯಾನೇಜ್‌ಮೆಂಟಿಗೆ ನಿಜ ಬರೆದು ತಿಳಿಸುತ್ತೇನೆ ಎಂದೆ.

"ಈಗ್ಯಾಕಕ್ಕಾ?" ಸ್ವರದಲ್ಲಿ ಸಿಟ್ಟಿರಲಿಲ್ಲ. "ಅವತ್ತು ಹೇಳಿದ್ರೆ ನನ್ ಕೆಲ್ಸ ಉಳೀತಿತ್ತು. ಈಗ ಹೇಳಿದ್ರೆ ನಿಮ್ಗೆ ನಿದ್ದೆ ಬತ್ತದೆ, ಅಷ್ಟೇಯ. ಕಾಫಿ ಕುಡೀರಿ, ಆರೋಯ್ತದೆ."

ಕುಡಿದೆ. ಅವನ ಆ ಮಾತನ್ನೇ ನೆಪ ಮಾಡಿಕೊಂಡು ಪತ್ರ ಬರೆಯಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಮಲ್ಲೇಶ ತೀರಿಕೊಂಡ.

ಮಣ್ಣು ಮಾಡಿದ ದಿನ ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡಳು. "ನಮ್ಮೋರು ಮಾಡಿದ್ ತಪ್ಪಿಂದ ನಿಮ್ಗೂ ಕೆಟ್ಟ ಹೆಸರು ಬಂತು. ಮನಸಲ್ಲಿಟ್ಕೋಬೇಡಿ ಅಕ್ಕಾ."

"ಪರವಾಗಿಲ್ಲಮ್ಮ" ಎಂದೆ ನಾನು.