ಮೊದಲ ರೊಟ್ಟಿ ಬಸುರಿಗೆ

ಬೆಳಗಿನ ಐದೂವರೆ. ಅತ್ತಿಗುಪ್ಪೆಯ ಸಮುದಾಯ ಭವನದ ಅಡುಗೆಮನೆಯಲ್ಲಿ ಪಾಪಮ್ಮ ಹೆಸರುಕಾಳು ಕಟ್ಟಿಟ್ಟ ಬಟ್ಟೆ ಬಿಚ್ಚಿ ಮೊಳಕೆ ನೋಡುತ್ತಿದ್ದಾರೆ. ಇಪ್ಪತ್ತೆರಡು ಬಸುರಿಯರು, ಒಂಬತ್ತು ಬಾಣಂತಿಯರಿಗೆ ಮಧ್ಯಾಹ್ನ ಇಲ್ಲೇ ಊಟ. "ಸುಮ್ನೆ ಕೂರ್ಬೇಡಿ ಸಾರ್, ಆ ಸೊಪ್ಪು ಬಿಡಿಸ್ತಾ ಕೇಳಿ," ಎನ್ನುತ್ತಾರೆ, ಅವರ ಕಥೆ ಬರೆದುಕೊಳ್ಳಲು ಬಂದ ನನಗೆ. ಬಿಡಿಸಿದೆ. ಎಳೆ ದಂಟು ಎಸೆದಿದ್ದಕ್ಕೆ ಬೈಸಿಕೊಂಡೆ ಕೂಡ.

ಐವತ್ತಾರರ ಪಾಪಮ್ಮ ಇಲ್ಲೇ ಹುಟ್ಟಿ ಬೆಳೆದವರು. ಅವರ ಚೊಚ್ಚಲ ಮಗು ಬದುಕಿದ್ದು ಒಂಬತ್ತೇ ದಿನ. "ಬಸುರೀಲೂ ಎಲ್ಲರದೂ ಊಟ ಆದ್ಮೇಲೆ ಪಾತ್ರೆ ತಳ ಕೆರ್ಕೊಂಡ್ ತಿಂತಿದ್ದೆ. ಮೈಯಲ್ಲಿ ರಕ್ತ ಎಲ್ಲಿಂದ ಬರತ್ತೆ? ಇವತ್ತಿಗೂ ಹೊಟ್ಟೆ ಉರಿಯತ್ತೆ." ಹನ್ನೊಂದು ವರ್ಷದ ಹಿಂದೆ ಕೇರಿಯ ಹೆಂಗಸರನ್ನು ಸೇರಿಸಿಕೊಂಡು ಈ ಅಡುಗೆಮನೆ ಶುರು ಮಾಡಿದರು.

ಮೊದಲು ಎಡವಿದ್ದೂ ಉಂಟು. ಬಸುರಿಯರನ್ನು ಕೂರಿಸಿ ಸೊಪ್ಪು, ಕಾಳು, ಕಬ್ಬಿಣದ ಮಾತ್ರೆ ಎಂದು ಪಾಠ ಹೇಳಿದರು. ಮರುವಾರ ಅರ್ಧಕ್ಕರ್ಧ ಜನ ನಾಪತ್ತೆ. "ಪಾಠ ಸೊಸೆಗೆ ಹೇಳ್ದೆ, ಸೌಟು ಅತ್ತೆ ಕೈಲಿತ್ತು. ನಂಗೇ ಬುದ್ಧಿ ಇರ್ಲಿಲ್ಲ ಬಿಡಿ!" ಅಂದಿನಿಂದ ಗುರುವಾರದ ಅಡುಗೆ ಅತ್ತೆಯರದು.

ಈ ಸಲದ ಚಿಂತೆ ಯಾದಗಿರಿ ಕಡೆಯ ನೀಲಾಂಬಿಕಾ. ಬಂದಾಗ ಐದು ತಿಂಗಳು, ಹಿಮೋಗ್ಲೋಬಿನ್ ಏಳೂವರೆ. ಹೀಗೇ ಇದ್ದರೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಅತ್ತೆ ಹಾಲವ್ವನದು ಒಂದೇ ಹಟ: ಹೆಚ್ಚು ತಿಂದರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟ. ಪಾಪಮ್ಮ ವಾದಕ್ಕಿಳಿಯಲಿಲ್ಲ. ಜೋಳದ ಹಿಟ್ಟು ಮುಂದಿಟ್ಟು, "ಅಕ್ಕಾ, ನಂಗೆ ರೊಟ್ಟಿ ಬರಲ್ಲ, ತೋರಿಸ್ಕೊಡಿ," ಎಂದರು.

"ಅಯ್ಯ ಶಿವನ! ಇಷ್ಟ್ ವಯಸ್ಸಾದ್ರೂ ರೊಟ್ಟಿ ಬಡಿಯಾಕ ಬರಂಗಿಲ್ಲೇನ? ಸರಿ ಅತ್ಲಾಗ!" ಎಂದು ಹಾಲವ್ವ ಕೂತೇಬಿಟ್ಟರು. ರೊಟ್ಟಿಯ ಜೊತೆಗೆ ಪುಂಡಿಸೊಪ್ಪಿನ ಪಲ್ಯವೂ ಆಯಿತು. ಇಲ್ಲಿ ಒಂದು ಕಟ್ಟಳೆಯಿದೆ: ಸೊಸೆಗೆ ಅತ್ತೆಯೇ ಬಡಿಸಬೇಕು, ಅವಳು ಉಂಡೇಳುವವರೆಗೆ ಬೇರೆ ಯಾರೂ ಉಣ್ಣುವಂತಿಲ್ಲ. ಮೊದಲ ದಿನ ಹಾಲವ್ವ ಮುಖ ಗಂಟಿಕ್ಕಿಕೊಂಡೇ ಬಡಿಸಿದರು. ಈಗ "ಇನ್ನೊಂದ್ ಹಾಕ್ರಿ, ಏನ್ ನೋಡ್ತೀರಿ?" ಎಂದು ಬೇರೆ ಅತ್ತೆಯರನ್ನೇ ಗದರುತ್ತಾರೆ. ಮಾತ್ರೆಯೂ ತಪ್ಪಿಲ್ಲ. ಒಂಬತ್ತು ತಿಂಗಳಿಗೆ ಬಿದ್ದಿರುವ ನೀಲಾಂಬಿಕಾಳ ಹಿಮೋಗ್ಲೋಬಿನ್ ಈಗ ಹತ್ತೂವರೆ.

"ಇಲ್ಲಿ ತಿನ್ನೋದು ಒಂದ್ ಹೊತ್ತು ಸಾರ್. ಮನೇಲಿ ಏನ್ ಕಥೆ ಅಂತ ಮೊನ್ನೆ ಸಂಜೆ ಹೇಳ್ದೆ ಕೇಳ್ದೆ ನೀಲಾಂಬಿಕಾ ಮನೆಗೆ ಹೋದೆ. ಮಗ ತಟ್ಟೆ ಮುಂದೆ ಕೂತಿದ್ದ. ಹಾಲವ್ವಕ್ಕ ಹಂಚಿಂದ ಮೊದಲ್ನೇ ರೊಟ್ಟಿ ತೆಗೆದು ಸೊಸೆಗೆ ಹಾಕಿದ್ರು. 'ನೀ ತಡಿಯೋ' ಅಂದ್ರು ಮಗಂಗೆ."

ಪಾಪಮ್ಮ ಸೊಪ್ಪಿನ ಬುಟ್ಟಿ ನನ್ನ ಕೈಯಿಂದ ಇಸಿದುಕೊಳ್ಳುತ್ತಾರೆ.

"ನಾನು ಒಳಗೆ ಹೋಗ್ಲೇ ಇಲ್ಲ. ಬಾಗ್ಲಿಂದಾನೇ ವಾಪಸ್ ಬಂದೆ."